ಅಪ್ಪ ಫ್ರೀಜರ್‌ನಲ್ಲಿ, ಬೆರಳು ಗೋ ಬಟನ್ ಮೇಲೆ: ಕ್ಯೂಲ್ಯಾಬ್ ಜೊತೆ ಏಳು ಪ್ರದರ್ಶನ

ಮೊದಲು ನಾಟಕದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ಸತ್ತಿದ್ದಾನೆ. ಅಪ್ಪನ ಪಿಂಚಣಿ ಮಾತ್ರ ಸಾಯಬಾರದು. ಹಾಗಾಗಿ ಮೂವರು ಮಕ್ಕಳು ಸೇರಿ ಅವನನ್ನು ಡೀಪ್ ಫ್ರೀಜರ್‌ನಲ್ಲಿ ಇಟ್ಟಿದ್ದಾರೆ. ಆ ಫ್ರೀಜರ್ ನಡುಮನೆಯಲ್ಲೇ ಇದೆ, ಮೇಲೆ ಒಂದು ಬಟ್ಟೆ ಹಾಸಿ ಹೂದಾನಿ ಇಟ್ಟಿದ್ದಾರೆ. ಪಿಂಚಣಿದಾರ ಬದುಕಿದ್ದಾನಾ ಅಂತ ನೋಡಿಕೊಂಡು ಹೋಗಲು ಒಬ್ಬ ಅಧಿಕಾರಿ ಬರುತ್ತಾನೆ. ಬಂದವನು ಕೂರುವುದು ಎಲ್ಲಿ? ಫ್ರೀಜರ್ ಮೇಲೆ. ಒಂದೂಮುಕ್ಕಾಲು ಗಂಟೆಯ ನಾಟಕದ ಕತೆ ಇಷ್ಟೇ. ಗೆಳೆಯನೊಬ್ಬ ಬರೆದದ್ದು. ನನ್ನ ಪಾಲಿಗೆ ಬಂದದ್ದು ಸದ್ದು.

ಏಳು ಪ್ರದರ್ಶನ ಆಗಿದೆ. ಏಳರಲ್ಲೂ ಸದ್ದು ನಡೆಸಿದ್ದು ಕ್ಯೂಲ್ಯಾಬ್ ಅನ್ನುವ ಸಾಫ್ಟ್‌ವೇರ್‌ನಲ್ಲಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಫಿಗರ್ 53 ಅನ್ನುವ ಕಂಪನಿಯದು, ಈಗಿನ ಐದನೇ ಆವೃತ್ತಿ ಬಂದದ್ದು 2022ರಲ್ಲಿ. ನಾಟಕದವರಿಗೆ ಹೊಸ ಹೆಸರೇನಲ್ಲ. ಆದರೆ ನಾನು ಓದಿದ ವಿಮರ್ಶೆಗಳೆಲ್ಲ ಎಷ್ಟು ಚಾನೆಲ್, ಎಷ್ಟು ವಿಡಿಯೋ, ಎಷ್ಟು ಲೈಟು ಅಂತ ಪಟ್ಟಿ ಕೊಟ್ಟು ಮುಗಿಸುತ್ತವೆ. ನನಗೆ ಬೇಕಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ಜನ ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಅಂತ ಮೊದಲೇ ಗೊತ್ತಿಲ್ಲದ ನಾಟಕಕ್ಕೆ ಇದು ಆಗುತ್ತಾ? ಯಾರೂ ಅದನ್ನು ಬರೆದಿರಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಆಗುತ್ತದೆ. ಆದರೆ ಇದರಲ್ಲಿರುವ ಅರ್ಧದಷ್ಟು ಬುದ್ಧಿವಂತ ಸೌಲಭ್ಯಗಳನ್ನು ಮುಟ್ಟದೆ ಬಿಟ್ಟರೆ ಮಾತ್ರ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ನಾಟಕದಲ್ಲಿ ಬರುವ ಪ್ರತಿ ಸದ್ದಿಗೂ ಒಂದು ಕ್ಯೂ. ಎಲ್ಲ ಕ್ಯೂಗಳೂ ಸಾಲಾಗಿ ಪರದೆಯ ಮೇಲೆ ಇರುತ್ತವೆ. ಸ್ಪೇಸ್ ಬಾರ್ ಒತ್ತಿದರೆ ಸಾಲಿನಲ್ಲಿ ಮುಂದಿರುವ ಕ್ಯೂ ಓಡುತ್ತದೆ, ಗುರುತು ತಾನಾಗಿ ಅದರ ಮುಂದಿನದಕ್ಕೆ ಹೋಗಿ ಕೂರುತ್ತದೆ. ಇದೇ ಗೋ. ಮೊದಲು ನಾನು ಸಾದಾ ಮ್ಯೂಸಿಕ್ ಪ್ಲೇಯರ್‌ನಲ್ಲಿ ಹಾಡುಗಳ ಪಟ್ಟಿ ಮಾಡಿ ಸದ್ದು ಬಿಡುತ್ತಿದ್ದೆ. ಕತ್ತಲಲ್ಲಿ ಮೌಸ್ ಹುಡುಕುವುದು, ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗದಂತೆ ಓಡಿ ಹೋಗಿ ನಿಲ್ಲಿಸುವುದು, ಎಲ್ಲ ಅನುಭವಿಸಿದ್ದೇನೆ. ಒಂದೇ ಗುಂಡಿ ಅನ್ನುವುದು ಎಷ್ಟು ದೊಡ್ಡ ನೆಮ್ಮದಿ ಅಂತ ಆ ಪಾಡು ಪಟ್ಟವರಿಗೇ ಗೊತ್ತು. ಕಣ್ಣು ರಂಗದ ಮೇಲೆ, ಬೆರಳು ಗುಂಡಿಯ ಮೇಲೆ. ಪರದೆ ನೋಡುವ ಕೆಲಸವೇ ಇಲ್ಲ.

ಈಗ ಫ್ರೀಜರ್ ವಿಷಯಕ್ಕೆ ಬರುತ್ತೇನೆ. ಈ ನಾಟಕದಲ್ಲಿ 63 ಕ್ಯೂಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಯಾರ ಕಿವಿಗೂ ಬೀಳದ ಒಂದು ಸದ್ದು. ಪ್ರೇಕ್ಷಕರು ಒಳಗೆ ಬಂದು ಕೂರುವ ಮೊದಲೇ ಫ್ರೀಜರ್ ಗುಂಯ್ ಅನ್ನುತ್ತಾ ಇರುತ್ತದೆ. ಬಂದವರು ಮಾತಾಡುತ್ತಾರೆ, ಫೋನ್ ನೋಡುತ್ತಾರೆ, ನಾಟಕ ಶುರುವಾಗುತ್ತದೆ, ಗುಂಯ್ ನಡೆದೇ ಇರುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಸ್ವಲ್ಪ ಹೊತ್ತಾದ ಮೇಲೆ ನಾವು ಕೇಳಿಸಿಕೊಳ್ಳುವುದೇ ಇಲ್ಲ, ಮನೆಯ ಫ್ಯಾನ್ ಹಾಗೆ. 40 ನಿಮಿಷ ಆದ ಮೇಲೆ, ಅಧಿಕಾರಿ ಫ್ರೀಜರ್ ಮೇಲೆ ಕೂತು ನಗುನಗುತ್ತಾ ಪಿಂಚಣಿಯ ನಿಯಮ ಹೇಳುತ್ತಿರುವಾಗ, ಇಡೀ ಸಭೆ ನಗುತ್ತಿರುವಾಗ, ಆ ಗುಂಯ್ ನಿಲ್ಲುತ್ತದೆ. ಕರೆಂಟ್ ಹೋಗಿದೆ. ಯಾರೂ ಏನೂ ಹೇಳುವುದಿಲ್ಲ. ಮೂವರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಳಗಿರುವುದು ಏನು, ಮಂಜು ಕರಗಿದರೆ ಏನಾಗುತ್ತದೆ ಅಂತ ಪ್ರೇಕ್ಷಕರಿಗೆ ಆಗ ಹೊಳೆಯುತ್ತದೆ. ನಗು ಗಂಟಲಲ್ಲೇ ನಿಲ್ಲುವುದನ್ನು ನಾನು ಹಿಂದಿನ ಸಾಲಿನಿಂದ ಕೇಳಿದ್ದೇನೆ. ಅಷ್ಟಕ್ಕಾಗಿ ಏಳು ಸಲ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದು ಸಾರ್ಥಕ.

ಆ ಗುಂಯ್ ಮಾಡುವುದಕ್ಕೆ ಎರಡು ವಾರ ಬೇಕಾಯಿತು ಅಂದರೆ ನಂಬುತ್ತೀರಾ? ಮೊದಲು ನಮ್ಮ ಮನೆಯ ಫ್ರಿಜ್‌ನ ಬೆನ್ನಿಗೆ ಫೋನ್ ಹಿಡಿದು ಮಧ್ಯರಾತ್ರಿ ರೆಕಾರ್ಡ್ ಮಾಡಿದೆ. ಹೆಡ್‌ಫೋನ್‌ನಲ್ಲಿ ಬಂಗಾರದ ಹಾಗಿತ್ತು. ಫ್ರೀಜರ್ ಒಳಗೆ ಇಡಬೇಕಿದ್ದ ಚಿಕ್ಕ ಸ್ಪೀಕರ್‌ಗೆ ಹಾಕಿದರೆ ಏನೂ ಇಲ್ಲ. ಫ್ರಿಜ್‌ನ ಗುಂಯ್ ಇರುವುದು ತೀರಾ ಕೆಳಗಿನ ಸ್ವರದಲ್ಲಿ: ಕರೆಂಟ್ 50 ಹರ್ಟ್ಸ್ ಆದರೆ ಗುಂಯ್ ಹೆಚ್ಚಾಗಿ ಅದರ ದುಪ್ಪಟ್ಟು 100ರ ಹತ್ತಿರ, 60 ಹರ್ಟ್ಸ್ ಇರುವ ದೇಶಗಳಲ್ಲಿ 120ರ ಹತ್ತಿರ. ಅಂಗೈಯಗಲದ ಸ್ಪೀಕರ್‌ಗೆ ಅದು ಎಟುಕುವುದಿಲ್ಲ. ಆದರೆ ನಮ್ಮ ಕಿವಿಗೆ ಒಂದು ವಿಚಿತ್ರ ಗುಣ ಇದೆ. ಕೆಳಗಿನ ಸ್ವರ ಇಲ್ಲದಿದ್ದರೂ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಸ್ವರಗಳು ಇದ್ದರೆ ಮೆದುಳು ಇಲ್ಲದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ಮೇಲಿನ ಸ್ವರಗಳನ್ನು ಸ್ವಲ್ಪ ಎತ್ತಿ, ಜೊತೆಗೆ ಒಂದು ತಗಡಿನ ಮುಚ್ಚಳ ಸಣ್ಣಗೆ ಗಿರಗಿರ ಅನ್ನುವ ಸದ್ದು ಸೇರಿಸಿದೆ. ಆಗ ಅದು ಫ್ರೀಜರ್ ಆಯಿತು. ನಿಜವಾದ ಫ್ರೀಜರ್‌ನ ಸದ್ದು ಫ್ರೀಜರ್ ಹಾಗೆ ಕೇಳಲಿಲ್ಲ, ಸುಳ್ಳು ಸೇರಿಸಿದ್ದು ಕೇಳಿತು. ಪಿಂಚಣಿ ನಾಟಕಕ್ಕೆ ಸರಿಯಾಗೇ ಇದೆ ಬಿಡಿ.

ಈ ಕೆಲಸ ಕ್ಯೂಲ್ಯಾಬ್‌ನಲ್ಲಿ ಮಾಡಿದ್ದಲ್ಲ, ಬೇರೆ ಎಡಿಟರ್‌ನಲ್ಲಿ ಮಾಡಿದ್ದು. ಕ್ಯೂಲ್ಯಾಬ್ ಸದ್ದು ತಯಾರು ಮಾಡುವ ಜಾಗ ಅಲ್ಲ, ತಯಾರಾದದ್ದನ್ನು ಸರಿಯಾದ ಹೊತ್ತಿಗೆ ಸರಿಯಾದ ಕಡೆ ಬಿಡುವ ಜಾಗ. ಆ 'ಸರಿಯಾದ ಕಡೆ' ಅನ್ನುವುದರಲ್ಲಿ ನನಗೆ ಒಂದು ಲಾಟರಿ ಹೊಡೆಯಿತು. ಇದರ ಉಚಿತ ಆವೃತ್ತಿಯಲ್ಲಿ ಸದ್ದಿಗೆ ಎರಡೇ ಔಟ್‌ಪುಟ್ ಸಿಗುತ್ತದೆ. ಎಲ್ಲರೂ ಅದನ್ನು ಎಡ-ಬಲ ಅಂತ ಬಳಸುತ್ತಾರೆ. ನಾವು ಎಡ-ಬಲ ಕೈಬಿಟ್ಟೆವು. ಒಂದನೇ ಔಟ್‌ಪುಟ್ ಸಭಾಂಗಣದ ಸ್ಪೀಕರ್‌ಗಳಿಗೆ, ಎರಡನೆಯದು ಫ್ರೀಜರ್ ಒಳಗೆ ಅಡಗಿಸಿಟ್ಟ ಚಿಕ್ಕ ಸ್ಪೀಕರ್‌ಗೆ. ಪ್ರತಿ ಕ್ಯೂಗೂ ಲೆವೆಲ್ಸ್ ಅನ್ನುವ ಕಡೆ ಯಾವ ಸದ್ದು ಯಾವ ಔಟ್‌ಪುಟ್‌ಗೆ ಎಷ್ಟು ಅಂತ ಬೇರೆಬೇರೆಯಾಗಿ ಇಡಬಹುದು. ಗುಂಯ್, ಒಳಗಿನ ತಟತಟ, ಮಂಜು ಬಿರಿಯುವ ಸದ್ದು ಎಲ್ಲ ಫ್ರೀಜರ್ ಒಳಗಿಂದಲೇ. ಕಾಲಿಂಗ್ ಬೆಲ್, ಮಳೆ, ದೃಶ್ಯಗಳ ನಡುವಿನ ಸಂಗೀತ ಹೊರಗಿನಿಂದ. ಇಷ್ಟಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಅದೇ ಗುಂಯ್ ಸಭಾಂಗಣದ ದೊಡ್ಡ ಸ್ಪೀಕರ್‌ನಿಂದ ಬಂದಿದ್ದರೆ ಅದು ಬರೀ 'ಎಫೆಕ್ಟ್' ಆಗುತ್ತಿತ್ತು. ಪೆಟ್ಟಿಗೆಯೊಳಗಿಂದ ಬಂದಾಗ ಅಲ್ಲಿ ಒಬ್ಬ ಇದ್ದಾನೆ ಅನಿಸುತ್ತದೆ.

ಆ ಚಿಕ್ಕ ಸ್ಪೀಕರ್ ಬಗ್ಗೆ ಒಂದು ಕಿವಿಮಾತು. ತಂತಿ ಎಳೆಯುವ ಕಷ್ಟ ಯಾಕೆ ಅಂತ ಮೊದಲು ಬ್ಲೂಟೂತ್ ಸ್ಪೀಕರ್ ಇಟ್ಟಿದ್ದೆ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಎಷ್ಟೋ ಸ್ಪೀಕರ್‌ಗಳಲ್ಲಿ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಟ ಮುಚ್ಚಳ ಬಡಿದ ಮೇಲೆ ಬಡಿತದ ಸದ್ದು ಬಂದರೆ ಮಾತ್ರ ಚಿಕ್ಕ ಮಗುವಿಗೂ ಗೊತ್ತಾಗುತ್ತದೆ. ಸಾಲದ್ದಕ್ಕೆ ಗ್ರ್ಯಾಂಡ್ ರಿಹರ್ಸಲ್ ದಿನ, ದೊಡ್ಡ ಮಗ ಅಪ್ಪನ ಪೆಟ್ಟಿಗೆ ಮುಂದೆ ಕೂತು ಕ್ಷಮೆ ಕೇಳುವ ಗಂಭೀರ ಗಳಿಗೆಯಲ್ಲಿ, ಫ್ರೀಜರ್ ಒಳಗಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ 'ಬ್ಯಾಟರಿ ಲೋ' ಅಂದಳು. ನಿರ್ದೇಶಕರು ನೆಲಕ್ಕೆ ಬಿದ್ದು ನಕ್ಕರು, ಅದನ್ನು ಹಾಗೇ ಇಟ್ಟುಕೊಳ್ಳೋಣ ಅಂತ ಎರಡು ದಿನ ಹಟ ಹಿಡಿದರು. ಮೂರನೇ ದಿನ ತಂತಿ ಬಂತು.

ಮೊದಲ ಪ್ರದರ್ಶನದಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು. ಈ ಸಾಫ್ಟ್‌ವೇರ್ ಒಡ್ಡುವ ದೊಡ್ಡ ಆಮಿಷ ಶುರುವಾಗುವುದು ಅಲ್ಲಿಂದಲೇ. ಕ್ಯೂಗಳನ್ನು ಒಂದಕ್ಕೊಂದು ಕಟ್ಟಿಹಾಕಬಹುದು. ಆಟೋ ಕಂಟಿನ್ಯೂ ಅಂತ ಇಟ್ಟರೆ ಒಂದು ಕ್ಯೂ ಶುರುವಾಗಿ ನಾವು ಹೇಳಿದಷ್ಟು ಸೆಕೆಂಡ್ ಆದ ಮೇಲೆ ಮುಂದಿನದು ತಾನೇ ಶುರು. ಆಟೋ ಫಾಲೋ ಅಂದರೆ ಇದು ಮುಗಿದ ಮೇಲೆ ಅದು. ಮನೆಯಲ್ಲಿ ಕೂತು ಇದನ್ನು ಕಟ್ಟುವುದು ಎಷ್ಟು ಖುಷಿ ಅಂದರೆ, ರಾತ್ರಿ ಎರಡು ಗಂಟೆ ಆದದ್ದೇ ಗೊತ್ತಾಗುವುದಿಲ್ಲ. ಅಧಿಕಾರಿ ಫ್ರೀಜರ್ ತಟ್ಟುತ್ತಾನೆ, ಒಳಗಿಂದ ಒಂದು ತಟ್ ಬರುತ್ತದೆ, ಎರಡೂವರೆ ಸೆಕೆಂಡ್ ಬಿಟ್ಟು ಗುಂಯ್ ನಿಲ್ಲುತ್ತದೆ, ಇನ್ನೂ ಒಂದು ಸೆಕೆಂಡ್ ಬಿಟ್ಟು ಕಾಲಿಂಗ್ ಬೆಲ್. ಮೂರು ಸದ್ದಿನ ಕೆಲಸಕ್ಕೆ ಒಂದೇ ಗೋ. ತಾಲೀಮಿನಲ್ಲಿ ಗಡಿಯಾರದ ಹಾಗೆ ನಡೆಯಿತು.

ತಾಲೀಮಿನಲ್ಲಿ ನಗುವವರು ಯಾರೂ ಇರಲಿಲ್ಲ ಅನ್ನುವುದು ನನ್ನ ತಲೆಗೇ ಹೋಗಿರಲಿಲ್ಲ. ಪ್ರದರ್ಶನದ ದಿನ ಒಳಗಿಂದ ಆ ತಟ್ ಬಂದದ್ದೇ ಸಭೆ ಬಿದ್ದು ಬಿದ್ದು ನಕ್ಕಿತು, ಆರೇಳು ಸೆಕೆಂಡ್. ಆ ನಗುವಿನ ಒಳಗೇ ಗುಂಯ್ ನಿಂತಿತು, ಯಾರಿಗೂ ಗೊತ್ತಾಗಲಿಲ್ಲ. ಬೆಲ್ಲೂ ಆಯಿತು, ಅದೂ ಗೊತ್ತಾಗಲಿಲ್ಲ. ನಗು ಇಳಿದ ಮೇಲೆ ನಟರು ಬಾಗಿಲ ಕಡೆ ಗಾಬರಿಯಿಂದ ನೋಡುತ್ತಾ ನಿಂತಿದ್ದಾರೆ, ಪ್ರೇಕ್ಷಕರು ಇವರಿಗೇನಾಯಿತು ಅಂತ ನೋಡುತ್ತಿದ್ದಾರೆ. ನಾಟಕದ ಅತ್ಯಂತ ಕಪ್ಪಾದ ಗಳಿಗೆ ನೀರಲ್ಲಿ ಹೋಯಿತು. ಮನೆಗೆ ಬಂದು ಸಾಫ್ಟ್‌ವೇರ್‌ಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಎರಡನೇ ಪ್ರದರ್ಶನಕ್ಕೆ ಆ ಗಂಟುಗಳನ್ನೆಲ್ಲ ಬಿಚ್ಚಿದೆ. ತಟ್‌ಗೆ ಒಂದು ಗೋ. ಗುಂಯ್ ನಿಲ್ಲಲು ಒಂದು ಗೋ. ಬೆಲ್‌ಗೆ ಒಂದು ಗೋ. ಈಗ ನಗು ಎಷ್ಟು ಹೊತ್ತು ಇದ್ದರೂ ನಾನು ಕಾಯುತ್ತೇನೆ. ಇಲ್ಲಿ ಒಂದು ಸೂಕ್ಷ್ಮ ಇದೆ, ನಗು ಪೂರ್ತಿ ನಿಲ್ಲುವವರೆಗೂ ಕಾಯಬಾರದು. ನಗು ಏರಿ, ಇಳಿಯಲು ಶುರುವಾಗಿ, ಒಂದಿಬ್ಬರು ಮಾತ್ರ ಇನ್ನೂ ಕಿಸಿಕಿಸಿ ಅನ್ನುತ್ತಿರುವಾಗ ಗುಂಯ್ ನಿಲ್ಲಬೇಕು. ಆ ಒಂದಿಬ್ಬರ ನಗು ಖಾಲಿ ಸಭಾಂಗಣದಲ್ಲಿ ಒಂಟಿಯಾಗಿ ಕೇಳಬೇಕು, ಅವರಿಗೇ ನಾಚಿಕೆ ಆಗಬೇಕು. ಅರ್ಧ ಸೆಕೆಂಡ್ ಮೊದಲಾದರೆ ನಗು ಸದ್ದನ್ನು ನುಂಗುತ್ತದೆ, ಅರ್ಧ ಸೆಕೆಂಡ್ ತಡವಾದರೆ ಬರೀ ಮೌನ, ಹೆದರಿಕೆಯೂ ಇಲ್ಲ ನಗುವೂ ಇಲ್ಲ. ಇದನ್ನು ಯಾವ ಟೈಮರ್ ಮಾಡುತ್ತದೆ ಹೇಳಿ. ಕ್ಯೂಲ್ಯಾಬ್ ಬಗ್ಗೆ ನನಗೆ ಗೌರವ ಬಂದದ್ದು ಇಲ್ಲಿ. ಎಲ್ಲ ಕಟ್ಟಿಹಾಕುವ ಸೌಲಭ್ಯ ಕೊಟ್ಟರೂ ಅದು ಬಲವಂತ ಮಾಡುವುದಿಲ್ಲ. ಹೊಸ ಕ್ಯೂ ಸೇರಿಸಿದರೆ ಅದು ಸುಮ್ನೆ ನಿಮ್ಮ ಬೆರಳಿಗಾಗಿ ಕಾಯುತ್ತದೆ. ಒತ್ತಿದ ತಕ್ಷಣ ಬರುತ್ತದೆ. ಇಷ್ಟೇ ಬೇಕು.

ತಕ್ಷಣ ಅನ್ನುವ ಮಾತು ಬಂತಲ್ವಾ, ಎರಡು ಸಣ್ಣ ವಿಷಯ ಹೇಳುತ್ತೇನೆ. ಒಂದು, ಎಂಪಿ3 ಕಡತ ಹಾಕಬೇಡಿ. ಎಂಪಿ3 ಮಾಡುವಾಗ ತಲೆಯಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ, ಲೂಪ್ ಮಾಡಿದರೆ ಪ್ರತಿ ಸುತ್ತಿಗೂ ಒಂದು ಸಣ್ಣ ಕುಂಟು ಕೇಳುತ್ತದೆ. ಫ್ರೀಜರ್ ಕುಂಟಿದರೆ ಜನಕ್ಕೆ ಅದು ಕೇಳಿಸತೊಡಗುತ್ತದೆ, ಅಲ್ಲಿಗೆ ಮುಗಿಯಿತು. ವೇವ್ ಅಥವಾ ಎಐಎಫ್ಎಫ್ ಹಾಕಿ. ಇನ್ನೊಂದು, ನೀವು ಕೂರುವ ಜಾಗ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ 17 ಮೀಟರ್ ಹಿಂದೆ ಕೂತವರಿಗೆ ನಟನ ಮಾತು 50 ಮಿಲಿಸೆಕೆಂಡ್ ತಡ. ಕಿವಿಯನ್ನು ನಂಬಿ ಗುಂಡಿ ಒತ್ತಿದರೆ ಯಾವಾಗಲೂ ಹಿಂದೆ ಬೀಳುತ್ತೀರಿ. ಬೆಳಕಿಗೆ ಆ ತೊಂದರೆ ಇಲ್ಲ. ಅದಕ್ಕೇ ನಾನು ಅಧಿಕಾರಿಯ ಮಾತು ಕೇಳುವುದನ್ನೇ ಬಿಟ್ಟೆ, ಅವನ ಭುಜ ನೋಡುತ್ತೇನೆ. ಕೈ ಇಳಿಯುವ ಮೊದಲು ಭುಜ ಇಳಿಯುತ್ತದೆ.

ಎಲ್ಲ ನಾಟಕದವರೂ ಹೊಗಳುವ ಒಂದು ಸೌಲಭ್ಯ ಇದೆ, ಡಿವ್ಯಾಂಪ್ ಅಂತ. ಒಂದು ಸದ್ದನ್ನು ತುಂಡುಗಳಾಗಿ ಗುರುತು ಮಾಡಿ, ನಡುವಿನ ಒಂದು ತುಂಡು ಸುತ್ತುತ್ತಲೇ ಇರುವಂತೆ ಇಡಬಹುದು. ನಟ ಸಿದ್ಧವಾದಾಗ ಡಿವ್ಯಾಂಪ್ ಕ್ಯೂ ಬಿಟ್ಟರೆ ಆ ಸುತ್ತು ಮುಗಿಸಿಕೊಂಡು ಸದ್ದು ಮುಂದಕ್ಕೆ ಹೋಗುತ್ತದೆ. ಸಂಗೀತಕ್ಕೆ ಇದು ವರ. ದೃಶ್ಯ ಬದಲಾಗುವಾಗ ಫ್ರೀಜರ್ ಹೊರಳಿಸುವ ಹುಡುಗರು ಎಷ್ಟು ಹೊತ್ತು ತೆಗೆದುಕೊಂಡರೂ ತಾಳ ತಪ್ಪದೆ ಸಂಗೀತ ಮುಗಿಯುತ್ತದೆ. ಆದರೆ 'ಆ ಸುತ್ತು ಮುಗಿಸಿಕೊಂಡು' ಅನ್ನುವ ಮಾತು ಗಮನಿಸಿ. ಗುಂಯ್ ನಿಲ್ಲಿಸುವುದಕ್ಕೆ ಇದನ್ನೇ ಬಳಸಿದೆ. ನನ್ನ ತುಂಡು ಎಂಟು ಸೆಕೆಂಡಿನದು. ಗುಂಡಿ ಒತ್ತಿದ ಮೇಲೆ ಕೆಲವು ಸಲ ಅರ್ಧ ಸೆಕೆಂಡಿಗೆ ನಿಂತಿತು, ಕೆಲವು ಸಲ ಏಳು ಸೆಕೆಂಡ್ ಆದರೂ ನಿಲ್ಲಲಿಲ್ಲ. ಹಾಸ್ಯಕ್ಕೆ ಇದು ವಿಷ. ಈಗ ಸುಮ್ನೆ ಸದ್ದು ಇಳಿಸುವ ಒಂದು ಫೇಡ್ ಕ್ಯೂ ಇಟ್ಟಿದ್ದೇನೆ: 0.2 ಸೆಕೆಂಡಿನಲ್ಲಿ ಗುಂಯ್ ಸಾಯುತ್ತದೆ, ಅದೇ ಹೊತ್ತಿಗೆ ಕಂಪ್ರೆಸರ್ ಕೊನೆಯುಸಿರು ಬಿಡುವ ಗಡಗಡ ಸದ್ದು ಬೇರೆ ಕಡತದಿಂದ ಬರುತ್ತದೆ. ಎರಡನ್ನೂ ಒಂದು ಗ್ರೂಪ್‌ನಲ್ಲಿ ಹಾಕಿ ಒಟ್ಟಿಗೆ ಶುರುವಾಗುವಂತೆ ಮಾಡಿದರೆ ಮುಗಿಯಿತು. ಗಂಟು ಬಿಚ್ಚಿ ಅಂತ ಮೇಲೆ ಹೇಳಿದೆನಲ್ಲ, ಇಂಥ ಕಡೆ ಮಾತ್ರ ಗಂಟು ಬೇಕು. ನಡುವೆ ಮನುಷ್ಯರು ಇಲ್ಲದ ಕಡೆ.

ನನಗೆ ತುಂಬಾ ಇಷ್ಟವಾದದ್ದು ಗ್ರೂಪ್‌ನ ಇನ್ನೊಂದು ಗುಣ. ಒಂದು ಗ್ರೂಪ್‌ನಲ್ಲಿ ಹಲವು ಸದ್ದು ಹಾಕಿ, ಪ್ರತಿ ಸಲ ಯಾವುದಾದರೂ ಒಂದು ಬರಲಿ ಅಂತ ಇಡಬಹುದು. ಒಳಗಿಂದ ಬರುವ ತಟ್ ಸದ್ದನ್ನು ಐದು ಥರ ಮಾಡಿದ್ದೆ. ಒಂದು ಮಂಜಿನ ಗಡ್ಡೆ ಜಾರಿದ ಹಾಗೆ, ಒಂದು ಗೆಣ್ಣು ತಟ್ಟಿದ ಹಾಗೆ, ಒಂದನ್ನು ವೇಗ 0.7ಕ್ಕೆ ಇಳಿಸಿ ಸ್ವರ ಕೂಡ ಇಳಿಯಲು ಬಿಟ್ಟಿದ್ದೆ, ಅದು ಯಾರೋ ಮಗ್ಗುಲು ಬದಲಿಸಿದ ಹಾಗೆ ಕೇಳುತ್ತಿತ್ತು. ಯಾವ ದಿನ ಯಾವುದು ಬರುತ್ತದೆ ಅಂತ ನಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇದರಿಂದ ಚಿಕ್ಕ ಮಗನ ಪಾತ್ರ ಮಾಡುವವನು ಪ್ರತಿ ಸಲ ನಿಜವಾಗಿಯೂ ಬೆಚ್ಚುತ್ತಾನೆ. ಐದನೇ ಪ್ರದರ್ಶನ ಆದ ಮೇಲೆ ಬಂದು ನನ್ನ ಹತ್ತಿರ ಜಗಳ ಆಡಿದ: 'ನಾನು ಹೆದರಿದ ಹಾಗೆ ನಟಿಸಬೇಕು ಮಾರಾಯ, ಹೆದರಬಾರದು.' ಅವನ ಮಾತಲ್ಲೂ ನ್ಯಾಯ ಇದೆ. ಮುಂದಿನ ಪ್ರದರ್ಶನಕ್ಕೆ ಐದನ್ನು ಮೂರಕ್ಕೆ ಇಳಿಸಿದೆ. ಮಗ್ಗುಲು ಬದಲಿಸುವುದನ್ನು ಮಾತ್ರ ತೆಗೆಯಲಿಲ್ಲ.

ಒಂದು ವಿಷಯದಲ್ಲಿ ನಿರ್ದೇಶಕರಿಗೂ ನನಗೂ ಕೊನೆಯವರೆಗೂ ಹೊಂದಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವರಿಗೆ ತಮಾಷೆಯ ಸದ್ದು ಬೇಕಿತ್ತು: ಯಾರಾದರೂ ಜಾರಿದರೆ ಬೊಂಯ್, ಪೆಚ್ಚಾದರೆ ಕುಂಯ್. ಟಿವಿ ಹಾಸ್ಯಗಳಲ್ಲಿ ಹಿಂದಿನಿಂದ ಕೇಳುವ, ರೆಕಾರ್ಡ್ ಮಾಡಿದ ನಗು ಕೂಡ ಹಾಕೋಣ ಅಂದರು. ಆ ನಗುವಿನ ಪೆಟ್ಟಿಗೆಯನ್ನು 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಾಸ್ ಅನ್ನುವ ಸೌಂಡ್ ಎಂಜಿನಿಯರ್ ಅಮೆರಿಕದ ಟಿವಿಗೆ ಮಾಡಿಕೊಟ್ಟಿದ್ದ, ಕೀಲಿ ಒತ್ತಿದರೆ ಬೇಕಾದ ಥರದ ನಗು. ಹೆಣ ಇಟ್ಟುಕೊಂಡು ಮಾಡುವ ಹಾಸ್ಯಕ್ಕೆ ಅದು ಬೇಡ ಅನ್ನುವುದು ನನ್ನ ವಾದ. ಇಂಥ ನಾಟಕದಲ್ಲಿ ಸದ್ದು ತಾನು ನಗಬಾರದು. ಫ್ರೀಜರ್‌ಗೆ ತಾನು ನಾಟಕದಲ್ಲಿದ್ದೇನೆ ಅಂತ ಗೊತ್ತಿರಬಾರದು. ಪ್ಯಾರಿಸ್‌ನಲ್ಲಿ 1897ರಿಂದ 1962ರವರೆಗೆ ನಡೆದ ಗ್ರಾಂಡ್ ಗಿನ್ಯೋಲ್ ಅನ್ನುವ ರಂಗಮಂದಿರದಲ್ಲಿ ಒಂದೇ ಸಂಜೆ ಭಯಾನಕ ನಾಟಕ ಒಂದು, ನಗೆನಾಟಕ ಒಂದು, ಹೀಗೆ ಸರದಿಯಲ್ಲಿ ಆಡುತ್ತಿದ್ದರು, ಬಿಸಿನೀರು ತಣ್ಣೀರು ಹೊಯ್ದ ಹಾಗೆ. ನಮ್ಮದರಲ್ಲಿ ಎರಡೂ ಒಂದೇ ಚೊಂಬಿನಲ್ಲಿ ಬರಬೇಕು. ಸದ್ದು ತಮಾಷೆ ಮಾಡಿದರೆ ತಣ್ಣೀರು ಮಾತ್ರ ಉಳಿಯುತ್ತದೆ. ಕೊನೆಗೆ ಒಂದು ಬೊಂಯ್ ಬಿಟ್ಟುಕೊಟ್ಟೆ. 22ನೇ ಕ್ಯೂ. ಅದಕ್ಕೆ ಒಂದು ದಿನವೂ ಯಾರೂ ನಕ್ಕಿಲ್ಲ, ಅವರು ಇನ್ನೂ ತೆಗೆಯಲು ಬಿಡುತ್ತಿಲ್ಲ.

ಕೈ ನಡುಗುವವರಿಗೆ ಎರಡು ರಕ್ಷಣೆ ಇದೆ. ಒಂದು ಡಬಲ್ ಗೋ ತಡೆ. ಒಂದು ಗೋ ಆದ ಮೇಲೆ ಇಷ್ಟು ಹೊತ್ತು ಇನ್ನೊಂದು ಗೋ ತೆಗೆದುಕೊಳ್ಳಬೇಡ ಅಂತ ಸೆಟ್ಟಿಂಗ್ಸ್‌ನಲ್ಲಿ ಹೇಳಬಹುದು. ಮೊದಲ ದಿನ ಬೆರಳು ನಡುಗಿ ಎರಡು ಸಲ ಒತ್ತಿ, ಅಧಿಕಾರಿ ಮನೆಯೊಳಗೆ ಇರುವಾಗಲೇ ಅಧಿಕಾರಿಯ ಬೆಲ್ ಹೊಡೆದಿದ್ದೆ, ಆಮೇಲೆ ಹೆದರಿ ಒಂದು ಸೆಕೆಂಡ್ ಇಟ್ಟೆ. ಜಾಸ್ತಿ ಆಯಿತು, ಬೇಗಬೇಗ ಬರುವ ಎರಡು ತಟ್‌ನಲ್ಲಿ ಎರಡನೆಯದು ಬರಲೇ ಇಲ್ಲ. ಅರ್ಧ ಸೆಕೆಂಡ್ ನನಗೆ ಸರಿಹೋಯಿತು. ಇನ್ನೊಂದು ಎಸ್ಕೇಪ್ ಕೀಲಿ. ಒಮ್ಮೆ ಒತ್ತಿದರೆ ಓಡುತ್ತಿರುವ ಎಲ್ಲ ಸದ್ದೂ ಮೆಲ್ಲಗೆ ಇಳಿದು ನಿಲ್ಲುತ್ತದೆ, ಎರಡು ಸಲ ಒತ್ತಿದರೆ ಕತ್ತರಿಸಿದ ಹಾಗೆ. ನಾಲ್ಕನೇ ಪ್ರದರ್ಶನದಲ್ಲಿ ನಟರು ಎರಡು ಪುಟ ಹಾರಿ ಮುಂದಕ್ಕೆ ಹೋದಾಗ ಇದೇ ಮಾನ ಉಳಿಸಿತು. ಮಳೆ ಮೆಲ್ಲಗೆ ನಿಂತಿತು, ಜನ ಮಳೆ ನಿಂತಿತು ಅಂದುಕೊಂಡರು.

ಬೇಸರದ ವಿಷಯಗಳೂ ಇವೆ. ದೊಡ್ಡದು ಯಾವುದು ಅಂತ ಎಲ್ಲರಿಗೂ ಗೊತ್ತು: ಇದು ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ. ಹವ್ಯಾಸಿ ತಂಡಗಳಲ್ಲಿ ಎಷ್ಟು ಜನರ ಹತ್ತಿರ ಮ್ಯಾಕ್ ಇರುತ್ತದೆ? ನಮ್ಮ ತಂಡದಲ್ಲಿ ಒಬ್ಬರ ಹತ್ತಿರ ಇತ್ತು. ವಿಂಡೋಸ್‌ನವರಿಗೆ ಮಲ್ಟಿಪ್ಲೇ, ಶೋ ಕ್ಯೂ ಸಿಸ್ಟಮ್ ಇವೆ, ಲಿನಕ್ಸ್‌ನವರಿಗೆ ಲಿನಕ್ಸ್ ಶೋ ಪ್ಲೇಯರ್ ಇದೆ. ನಿಮ್ಮ ನಾಟಕಕ್ಕೆ 20 ಕ್ಯೂ ಅಷ್ಟೇ ಆದರೆ, ಇದಕ್ಕಾಗಿ ಮ್ಯಾಕ್ ಹುಡುಕುತ್ತಾ ಹೋಗಬೇಡಿ, ಅವುಗಳಲ್ಲೇ ಕೆಲಸ ಆಗುತ್ತದೆ. ಎರಡನೆಯದು ಫೇಡ್. ಸದ್ದು ಪೂರ್ತಿ ಇಳಿದ ಮೇಲೆ ಕ್ಯೂ ನಿಲ್ಲಲಿ ಅನ್ನುವ ಗುರುತು ಹಾಕಲು ಮರೆತರೆ, ಸದ್ದು ಸೊನ್ನೆಯಾದರೂ ಕ್ಯೂ ಒಳಗೊಳಗೇ ಓಡುತ್ತಲೇ ಇರುತ್ತದೆ. ನಾಟಕ ಮುಗಿದು ಜನ ಹೋದ ಮೇಲೂ ನನ್ನ ಮೊದಲ ದೃಶ್ಯದ ಮಳೆ ಆ್ಯಕ್ಟಿವ್ ಕ್ಯೂಗಳ ಪಟ್ಟಿಯಲ್ಲಿ ಸದ್ದಿಲ್ಲದೆ ಸುರಿಯುತ್ತಿತ್ತು. ಮೂರನೆಯದು ಕಡತಗಳು. ವರ್ಕ್‌ಸ್ಪೇಸ್ ಅಂದರೆ ಕ್ಯೂಗಳ ಸಾಲನ್ನು ಉಳಿಸಿಡುವ ಕಡತ; ಅದರ ಒಳಗೆ ಸದ್ದಿನ ಕಡತ ಇರುವುದಿಲ್ಲ, ಅದರ ವಿಳಾಸ ಮಾತ್ರ ಇರುತ್ತದೆ. ವರ್ಕ್‌ಸ್ಪೇಸ್ ಒಂದನ್ನೇ ಪೆನ್ ಡ್ರೈವ್‌ಗೆ ಹಾಕಿಕೊಂಡು ಬೇರೆ ಮ್ಯಾಕ್‌ಗೆ ಹೋದರೆ ಸಾಲು ಸಾಲು ಕೆಂಪು ಗುರುತು ನೋಡಿ ಎದೆ ಧಸಕ್ಕೆನ್ನುತ್ತದೆ. ಬಂಡಲ್ ವರ್ಕ್‌ಸ್ಪೇಸ್ ಅಂತ ಒಂದಿದೆ, ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಕಟ್ಟಿಕೊಡುತ್ತದೆ. ಅದನ್ನು ಮಾಡದೆ ಮನೆ ಬಿಡಬೇಡಿ. ಇವೆಲ್ಲ ಕೈಪಿಡಿಯಲ್ಲಿ ಚೆನ್ನಾಗಿ ಬರೆದಿದ್ದಾರೆ, ನಾನು ಓದಿರಲಿಲ್ಲ ಅಷ್ಟೇ.

ದುಡ್ಡು ಕೊಡಬೇಕಾ? ನನ್ನ ಅನುಭವದಲ್ಲಿ ಎರಡು ಔಟ್‌ಪುಟ್ ಸಾಕಾಗುವವರೆಗೂ ಬೇಡ. ಉಚಿತ ಆವೃತ್ತಿಗೆ ಕಾಲದ ಗಡುವು ಇಲ್ಲ. ಫ್ರೀಜರ್ ಒಂದು ಕಡೆ, ಫೋನ್ ಇನ್ನೊಂದು ಕಡೆ, ಬಾಗಿಲ ಹಿಂದೆ ಮೂರನೇ ಸ್ಪೀಕರ್ ಅಂತ ಆಸೆ ಶುರುವಾದರೆ ಆಗ ಲೈಸೆನ್ಸ್ ಬೇಕು. ದಿನದ ಲೆಕ್ಕದಲ್ಲಿ ಬಾಡಿಗೆಗೂ ಸಿಗುತ್ತದೆ, ಕೊಟ್ಟ ಬಾಡಿಗೆ ಒಂದು ಮೊತ್ತ ಮುಟ್ಟಿದರೆ ಲೈಸೆನ್ಸ್ ನಿಮ್ಮದೇ ಆಗುತ್ತದೆ. ವರ್ಷಕ್ಕೆ ನಾಲ್ಕು ಪ್ರದರ್ಶನ ಮಾಡುವ ತಂಡಕ್ಕೆ ಇದು ಸರಿಯಾದ ಲೆಕ್ಕ. ಬಾಡಿಗೆ ಮನೆ ಕೂಡ ಹೀಗೇ ಇದ್ದಿದ್ದರೆ ಅಂತ ಒಂದು ಕ್ಷಣ ಅನಿಸಿತು. 5ಕ್ಕೆ ನಾಲ್ಕೂವರೆ ಕೊಡುತ್ತೇನೆ, ಉಳಿದ ಅರ್ಧ ಮ್ಯಾಕ್ ಅನ್ನುವ ಕಾರಣಕ್ಕೆ ಹೋಯಿತು.

ಸಾಲ ತಂದ ಮ್ಯಾಕ್‌ನಲ್ಲಿ ಓಡಿಸುವವರಿಗೆ ಮಾತ್ರ ಇನ್ನೊಂದಿಷ್ಟು. ನೋಟಿಫಿಕೇಶನ್ ಎಲ್ಲ ಬಂದ್ ಮಾಡಿ. ಮ್ಯಾಕ್‌ನ ಸ್ವಂತ ಟಿಂಗ್ ಟಿಂಗ್ ಸದ್ದುಗಳು ಅದರ ಒಳಗಿನ ಸ್ಪೀಕರ್‌ಗೆ ಹೋಗುವಂತೆ ಇಡಿ, ಇಲ್ಲದಿದ್ದರೆ ಯಾರದೋ ಮೆಸೇಜ್ ಬಂದದ್ದು ಹೆಣದ ಪೆಟ್ಟಿಗೆಯಲ್ಲಿ ಕೇಳುತ್ತದೆ. ನಿದ್ದೆ ಹೋಗದಂತೆ ಮಾಡಿ, ಚಾರ್ಜರ್ ಸಿಕ್ಕಿಸಿ. ಪ್ರದರ್ಶನಕ್ಕೆ ಮೊದಲು ಶೋ ಮೋಡ್‌ಗೆ ಹಾಕಿದರೆ ಕೈತಪ್ಪಿ ಕ್ಯೂ ಬದಲಾಗುವ ಭಯ ಇಲ್ಲ. ಮತ್ತೆ ಲ್ಯಾಪ್‌ಟಾಪ್ ಹಿಂತಿರುಗಿಸುವಾಗ ದಯವಿಟ್ಟು ವರ್ಕ್‌ಸ್ಪೇಸ್ ಮುಚ್ಚಿ ಕೊಡಿ. ನಾನು ಮುಚ್ಚದೆ ಕೊಟ್ಟಿದ್ದೆ. ಅದರ ಯಜಮಾನ ಮಾರನೇ ದಿನ ಆಫೀಸಿನ ಮೀಟಿಂಗ್‌ನಲ್ಲಿ, ಗೋಡೆಯಗಲದ ಪರದೆಗೆ ತಂತಿ ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದಿದ್ದಾನೆ. ದಪ್ಪ ಅಕ್ಷರದಲ್ಲಿ ಸಾಲಾಗಿ: '39 ಅಪ್ಪ ಒಳಗಿಂದ ತಟ್ಟಿದ. 40 ಅಪ್ಪ ನಿಂತ. 41 ಅಪ್ಪ ಕರಗತೊಡಗಿದ, ಮೆಲ್ಲಗೆ.' ಎಂಟನೇ ಪ್ರದರ್ಶನಕ್ಕೆ ಮ್ಯಾಕ್ ಕೇಳಲು ನಾನಿನ್ನೂ ಅವನಿಗೆ ಫೋನ್ ಮಾಡಿಲ್ಲ.